ನಡುವಿನ ವರ್ಷಗಳ ಕಥೆ: ಹದಿಹರೆಯದ ಮಕ್ಕಳು ಮತ್ತು ಅವರ ಪುಸ್ತಕಗಳು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಸಾಹಿತ್ಯ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ಕಟ್ಟಡದ ಬಗ್ಗೆ, ಫಲಿತಾಂಶದ ಬಗ್ಗೆ, ಇಲ್ಲಿಂದ ಹೋಗಿ ದೊಡ್ಡವರಾದವರ ಬಗ್ಗೆ ಮಾತನಾಡುವುದು ವಾಡಿಕೆ. ಆ ಮಾತುಗಳನ್ನು ನಮಗಿಂತ ಚೆನ್ನಾಗಿ ಆಡಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ನಮ್ಮ ಪಾಲಿಗೆ ಬಂದ ಈ ಸಮಯದಲ್ಲಿ ನಾವು ಶಾಲೆಯ ಗ್ರಂಥಾಲಯದ ಒಂದೇ ಒಂದು ಸಾಲಿನ ಬಗ್ಗೆ ಮಾತನಾಡಬೇಕೆಂದಿದ್ದೇವೆ. ಹದಿಮೂರರಿಂದ ಹದಿನಾರರ ನಡುವಿನ ಮಕ್ಕಳು ಓದಬಹುದಾದ ಕಥೆ ಕಾದಂಬರಿಗಳ ಸಾಲು ಅದು. ಅದರಲ್ಲಿಯೂ ಮನೆಗೆ ಕಷ್ಟ ಬಂದಾಗ ಆ ವಯಸ್ಸಿನ ಮಗು ಹೇಗೆ ನಿಂತಿತು, ಹೇಗೆ ಕುಸಿಯಿತು, ಮತ್ತೆ ಹೇಗೆ ಚೇತರಿಸಿಕೊಂಡಿತು ಎಂದು ಹೇಳುವ ಪುಸ್ತಕಗಳ ಬಗ್ಗೆ ನಮ್ಮ ಮಾತು.

ಇದು ಹಬ್ಬದ ದಿನಕ್ಕೆ ಒಪ್ಪುವ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಭಾಗದ ಶಾಲೆಯೊಂದು ನೂರು ವರ್ಷ ಉಳಿಯಿತು ಎಂದರೆ ಸಾವಿರಾರು ಮಕ್ಕಳು ಮನೆಯ ಕಷ್ಟವನ್ನು ಹೊರಗೆ ಚಪ್ಪಲಿಯ ಜೊತೆಗೆ ಬಿಟ್ಟು ಒಳಗೆ ಬಂದು ಕುಳಿತರು ಎಂದೇ ಅರ್ಥ. ಅವರನ್ನು ನೆನೆಯದೆ ಈ ಹಬ್ಬ ಪೂರ್ಣವಾಗುವುದಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಆದವಾನಿ ಮತ್ತು ಆಲೂರು ಕರ್ನೂಲು ಜಿಲ್ಲೆಯ ಪಾಲಾದವು. ನಮ್ಮ ಶಾಲೆ ತನ್ನ ಆಯುಷ್ಯದ ಮೊದಲ ಭಾಗವನ್ನು ಮದರಾಸು ಪ್ರಾಂತ್ಯದಲ್ಲಿ ಕಳೆದು, ಉಳಿದ ಭಾಗವನ್ನು ಆಂಧ್ರದಲ್ಲಿ ಕಳೆಯುತ್ತಿದೆ. ಗಡಿಯ ಗೆರೆ ಸರಿದರೂ ಮನೆಯ ಮಾತು ಸರಿಯಲಿಲ್ಲ. ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರವಿ, ಆಲೂರು ಸೀಮೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಅಡುಗೆಮನೆಯ ಮಾತು ಕನ್ನಡ, ಸಂತೆಯ ಮಾತು ತೆಲುಗು. ನಮ್ಮ ಮಕ್ಕಳು ಎರಡನ್ನೂ ಬಲ್ಲರು, ಎರಡರಲ್ಲೂ ಜಗಳವಾಡಬಲ್ಲರು.

ಈ ಸೀಮೆಯ ಇನ್ನೊಂದು ಸಂಗತಿಯನ್ನು ಹೊರಗಿನಿಂದ ಬಂದ ಅತಿಥಿಗಳಿಗಾಗಿ ಹೇಳಬೇಕು. ಕನ್ನಡದ ಪಠ್ಯಪುಸ್ತಕದಲ್ಲಿ ಸುಗ್ಗಿ ಎಂದರೆ ಹೊಸ ಬೆಳೆ ಮನೆಗೆ ಬರುವ ಸಂತೋಷದ ಕಾಲ. ನಮ್ಮಲ್ಲಿ ‘ಸುಗ್ಗಿಗೆ ಹೋದರು’ ಎಂದರೆ ಮನೆಗೆ ಬೀಗ ಹಾಕಿ ಹೋದರು ಎಂದರ್ಥ. ಬೇರೆ ಕಡೆ ಇದನ್ನು ಗುಳೆ ಎನ್ನುತ್ತಾರೆ. ಮಳೆ ಕೈಕೊಟ್ಟ ವರ್ಷ ದಸರಾ, ದೀಪಾವಳಿ ಮುಗಿಯುತ್ತಿದ್ದಂತೆ ಕುಟುಂಬಗಳು ಪಾತ್ರೆ, ಹಾಸಿಗೆ, ಜೋಳದ ಚೀಲಗಳೊಂದಿಗೆ ಗುಂಟೂರಿನ ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೊರಡುತ್ತವೆ. ಕೆಲವರು ಬೆಂಗಳೂರು, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ಹೆಚ್ಚಿನವರು ಹಿಂದಿರುಗುತ್ತಾರೆ. ಮೆಣಸಿನಕಾಯಿ ಬಿಡಿಸುವ ಕಾಲ ಮತ್ತು ಹತ್ತನೆಯ ತರಗತಿಯ ಪರೀಕ್ಷೆಯ ಕಾಲ ಎರಡೂ ಒಂದೇ ಎಂಬುದನ್ನು ಇಲ್ಲಿನ ಪ್ರತಿಯೊಬ್ಬ ಶಿಕ್ಷಕರೂ ಬಲ್ಲರು.

ಸಣ್ಣ ಮಕ್ಕಳು ತಂದೆತಾಯಿಯ ಜೊತೆ ಹೋಗುತ್ತಾರೆ, ಇಲ್ಲವೇ ಅಜ್ಜಿಯ ಬಳಿ ಉಳಿಯುತ್ತಾರೆ. ಹದಿಮೂರು ದಾಟಿದ ಮಗುವಿನ ಕಥೆ ಬೇರೆ. ಹೆಣ್ಣುಮಗಳಾದರೆ ಆಕೆ ತಮ್ಮ ತಂಗಿಯರಿಗೆ ತಾಯಿಯಾಗುತ್ತಾಳೆ. ರೊಟ್ಟಿ ತಟ್ಟಿ, ನೀರು ಹಿಡಿದು, ಎಮ್ಮೆಗೆ ಮೇವು ಹಾಕಿ, ಎರಡನೆಯ ಪಿರಿಯಡ್ಡಿಗೆ ಓಡಿ ಬರುತ್ತಾಳೆ. ಗಂಡುಮಗನಾದರೆ ಅವನ ಕೈ ದೊಡ್ಡವರ ಕೂಲಿಗೆ ಸಮ ಎಂದು ಲೆಕ್ಕವಾಗುತ್ತದೆ. ಕಡ್ಡಾಯ ಶಿಕ್ಷಣದ ಹಕ್ಕನ್ನು ನೀಡುವ 2009ರ ಕಾಯಿದೆ 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ. ಒಂಬತ್ತು, ಹತ್ತನೆಯ ತರಗತಿಯ ಬಹುಪಾಲು ಮಕ್ಕಳು ಆ ರಕ್ಷಣೆಯ ಹೊಸ್ತಿಲಿನಾಚೆ ನಿಂತಿರುತ್ತಾರೆ. 2006ರ ಕಾಯಿದೆ ಹದಿನೆಂಟು ತುಂಬದ ಹೆಣ್ಣುಮಗಳ ಮದುವೆಯನ್ನು ನಿಷೇಧಿಸಿದ್ದರೂ, ಸುಗ್ಗಿಗೆ ಹೋಗುವ ಮುನ್ನ ‘ಹುಡುಗಿಯನ್ನು ಒಂದು ಕಡೆ ಸೇರಿಸಿಬಿಡೋಣ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಇದರ ಮೇಲೆ ಕೊಳವೆಬಾವಿಯ ಸಾಲ, ತಂದೆಯ ಕುಡಿತ, ತಾಯಿಯ ಕಾಯಿಲೆ ಸೇರಿದರೆ ಆ ವಯಸ್ಸಿನ ಮಗುವಿನ ಮೇಲೆ ಬೀಳುವ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಮಗುವಿಗೆ ನಾವು ಓದಲು ಏನನ್ನು ಕೊಡುತ್ತಿದ್ದೇವೆ? ಇದು ನಮ್ಮ ಇಂದಿನ ಪ್ರಶ್ನೆ.

ಗ್ರಂಥಾಲಯದ ಒಂದು ತುದಿಯಲ್ಲಿ ಆನೆ, ನರಿ, ರಾಜಕುಮಾರರ ಕಥೆಗಳಿವೆ. ಇನ್ನೊಂದು ತುದಿಯಲ್ಲಿ ಕುವೆಂಪು, ಕಾರಂತ, ಮಾಸ್ತಿಯವರ ದೊಡ್ಡ ಕೃತಿಗಳಿವೆ. ಹದಿನಾಲ್ಕರ ಮಗು ಮೊದಲನೆಯದನ್ನು ‘ಚಿಕ್ಕವರದು’ ಎಂದು ಕೈಬಿಟ್ಟಿರುತ್ತದೆ. ಎರಡನೆಯದನ್ನು ಎತ್ತಿಕೊಳ್ಳಲು ಅಳುಕುತ್ತದೆ. ನಡುವಿನ ಜಾಗದಲ್ಲಿ ಗೈಡುಗಳು, ಸಾಮಾನ್ಯ ಜ್ಞಾನದ ಪುಸ್ತಕಗಳು, ಮಹಾಪುರುಷರ ಕಿರು ಜೀವನಚರಿತ್ರೆಗಳು ತುಂಬಿಕೊಂಡಿವೆ. ಅವೆಲ್ಲವೂ ಬೇಕು. ಆದರೆ ಅವುಗಳಲ್ಲಿ ತನ್ನ ಮನೆಯನ್ನು ಹೋಲುವ ಮನೆಯೊಂದು ಮಗುವಿಗೆ ಸಿಗುವುದು ಅಪರೂಪ.

ಜಗತ್ತಿನ ಬೇರೆ ಭಾಷೆಗಳಲ್ಲಿ ಈ ನಡುವಿನ ಜಾಗವನ್ನು ತುಂಬುವ ಪ್ರಯತ್ನ ಅರ್ಧ ಶತಮಾನಕ್ಕೂ ಹಿಂದೆಯೇ ನಡೆಯಿತು. 1967ರಲ್ಲಿ ಅಮೆರಿಕದಲ್ಲಿ ಎಸ್. ಇ. ಹಿಂಟನ್ ಎಂಬ ಹುಡುಗಿ ‘ದಿ ಔಟ್‌ಸೈಡರ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದಳು. ಆಗ ಆಕೆಗೆ ಕೇವಲ ಹದಿನೆಂಟು ವರ್ಷ. ಬರೆಯಲು ತೊಡಗಿದ್ದು ಹೈಸ್ಕೂಲಿನಲ್ಲಿದ್ದಾಗ. ಅಪಘಾತದಲ್ಲಿ ತಂದೆತಾಯಿಯನ್ನು ಕಳೆದುಕೊಂಡು ತಾವೇ ಸಂಸಾರ ನಡೆಸುವ ಮೂವರು ಅಣ್ಣತಮ್ಮಂದಿರ ಕಥೆ ಅದು. 1981ರಲ್ಲಿ ಸಿಂಥಿಯಾ ವಾಯ್ಟ್ ಬರೆದ ‘ಹೋಮ್‌ಕಮಿಂಗ್’ ಕಾದಂಬರಿಯಲ್ಲಿ ಮನಸ್ಸು ಕದಡಿದ ತಾಯಿಯೊಬ್ಬಳು ನಾಲ್ವರು ಮಕ್ಕಳನ್ನು ಅಂಗಡಿಯ ಮುಂದಿನ ಕಾರಿನಲ್ಲಿ ಬಿಟ್ಟು ಹೊರಟುಹೋಗುತ್ತಾಳೆ. ಹದಿಮೂರು ವರ್ಷದ ಹಿರಿಯ ಮಗಳು ಉಳಿದ ಮೂವರನ್ನು ಕರೆದುಕೊಂಡು ಊರಿಂದೂರಿಗೆ ನಡೆಯುತ್ತ ಬಂಧುಗಳ ಮನೆಯನ್ನು ಹುಡುಕುತ್ತಾಳೆ. ಕೈಯಲ್ಲಿ ಎಷ್ಟು ದುಡ್ಡು ಉಳಿಯಿತು, ಇಂದು ಎಷ್ಟು ಬ್ರೆಡ್ ಕೊಂಡರೆ ನಾಳೆಗೆ ಸಾಕು ಎಂಬ ಲೆಕ್ಕ ಆ ಕಾದಂಬರಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮೆರಿಕದ ಆ ಹುಡುಗಿಯ ಲೆಕ್ಕವನ್ನು ಕೋಸಿಗಿಯ ಹುಡುಗಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ್ದೇ ಆದ ಇನ್ನೂ ಹತ್ತಿರದ ಉದಾಹರಣೆಯಿದೆ. ಅನಿತಾ ದೇಸಾಯಿ ಅವರು ಇಂಗ್ಲಿಷಿನಲ್ಲಿ ಬರೆದ ‘ದಿ ವಿಲೇಜ್ ಬೈ ದಿ ಸೀ’ 1982ರಲ್ಲಿ ಪ್ರಕಟವಾಯಿತು; ಮರುವರ್ಷ ಅದಕ್ಕೆ ಇಂಗ್ಲೆಂಡಿನ ಗಾರ್ಡಿಯನ್ ಮಕ್ಕಳ ಸಾಹಿತ್ಯ ಪ್ರಶಸ್ತಿ ದೊರೆಯಿತು. ಮುಂಬಯಿಗೆ ಸಮೀಪದ ಕಡಲತೀರದ ಥಲ್ ಎಂಬ ಹಳ್ಳಿ. ಅಲ್ಲಿ ಹದಿಮೂರರ ಲೀಲಾ, ಹನ್ನೆರಡರ ಹರಿ, ಇಬ್ಬರು ಪುಟ್ಟ ತಂಗಿಯರು. ತಾಯಿ ಹಾಸಿಗೆ ಹಿಡಿದಿದ್ದಾಳೆ, ತಂದೆ ಕುಡಿತಕ್ಕೆ ಬಿದ್ದಿದ್ದಾನೆ. ಹರಿ ಒಂದು ದಿನ ಮುಂಬಯಿಗೆ ಹೋಗಿ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರುತ್ತಾನೆ. ಪಕ್ಕದ ಅಂಗಡಿಯ ಮುದುಕರಿಂದ ಗಡಿಯಾರ ರಿಪೇರಿ ಕಲಿಯುತ್ತಾನೆ. ಲೀಲಾ ಮನೆಯಲ್ಲಿ ನಿಂತು ತಾಯಿಯನ್ನು, ತಂಗಿಯರನ್ನು ಕಾಯುತ್ತಾಳೆ. ರಜೆಗೆ ಬಂದ ಕುಟುಂಬವೊಂದರ ನೆರವಿನಿಂದ ತಾಯಿ ಆಸ್ಪತ್ರೆ ಸೇರುತ್ತಾಳೆ. ದೀಪಾವಳಿಯ ಹೊತ್ತಿಗೆ ಹರಿ ತಾನು ಉಳಿಸಿದ ಹಣದೊಂದಿಗೆ ಊರಿಗೆ ಮರಳುತ್ತಾನೆ. ಆ ಹಣದಲ್ಲಿ ಕೋಳಿ ಸಾಕಬೇಕೆಂಬುದು ಅವನ ಯೋಜನೆ. ಈ ಹಳ್ಳಿಯೂ ಈ ಜನರೂ ನಿಜ, ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ ಎಂದು ಲೇಖಕಿಯೇ ಹೇಳಿದ್ದಾರೆ.

ಈ ಕಥೆಯಲ್ಲಿ ನಾವು ಮೆಚ್ಚುವ ಅಂಶ ಒಂದಿದೆ. ಹರಿಗೆ ಲಾಟರಿ ಹೊಡೆಯುವುದಿಲ್ಲ. ಅವನು ಜಿಲ್ಲೆಗೆ ಮೊದಲಿಗನಾಗಿ ಪಾಸಾಗುವುದಿಲ್ಲ. ಕೊನೆಯ ಪುಟದಲ್ಲಿಯೂ ಆ ಮನೆ ಬಡಮನೆಯೇ. ಆದರೆ ಮೊದಲ ಪುಟದಲ್ಲಿ ಉಸಿರುಗಟ್ಟಿದ್ದ ಮನೆ ಕೊನೆಯ ಪುಟದಲ್ಲಿ ಉಸಿರಾಡುತ್ತಿದೆ. ಚೇತರಿಕೆ ಎಂಬ ನಮ್ಮ ಕನ್ನಡದ ಮಾತಿಗೆ ಇರುವ ಅರ್ಥವೂ ಅದೇ. ಜ್ವರ ಬಿಟ್ಟ ಮಗು ಮೊದಲ ದಿನ ಗಂಜಿ ಕುಡಿಯುತ್ತದೆ, ಮರುದಿನ ಗೋಡೆ ಹಿಡಿದು ನಡೆಯುತ್ತದೆ. ಓಡುವುದು ಆಮೇಲಿನ ಮಾತು.

ಇನ್ನು ಕನ್ನಡಕ್ಕೆ ಬರೋಣ. ಕಷ್ಟದ ಮನೆಯ ಮಗು ಕನ್ನಡ ಸಾಹಿತ್ಯಕ್ಕೆ ಅಪರಿಚಿತವಲ್ಲ. ನಮ್ಮ ಸೀಮೆಗೆ ನೆರೆಯವರಾದ ಕುಂ. ವೀರಭದ್ರಪ್ಪನವರನ್ನೇ ನೆನೆಯಬಹುದು. ಬಳ್ಳಾರಿ ಸೀಮೆಯ ಕೊಟ್ಟೂರಿನಲ್ಲಿ ಹುಟ್ಟಿದ ಅವರು ಆಂಧ್ರದ ಗಡಿಭಾಗದ ಶಾಲೆಗಳಲ್ಲಿ ಬಹುಕಾಲ ಶಿಕ್ಷಕರಾಗಿದ್ದವರು, ನಮ್ಮ ವೃತ್ತಿಬಾಂಧವರು. ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಅವರ ಆತ್ಮಕಥೆಯ ಹೆಸರು ‘ಗಾಂಧಿ ಕ್ಲಾಸು’. ಮೂರನೆಯ ದರ್ಜೆಯಲ್ಲಿ ಪಾಸಾದವರನ್ನು ನಮ್ಮ ಕಡೆ ತಮಾಷೆಯಾಗಿ ಗಾಂಧಿ ಕ್ಲಾಸು ಎನ್ನುವುದು ಎಲ್ಲರಿಗೂ ಗೊತ್ತು. ಅವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ ಅವರು ತೆಗೆದ ‘ಕೊಟ್ರೇಶಿ ಕನಸು’ ಚಿತ್ರ 1994ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕೊಟ್ರೇಶಿಯ ಪಾತ್ರ ಮಾಡಿದ ವಿಜಯ ರಾಘವೇಂದ್ರ ಅವರಿಗೆ ಅತ್ಯುತ್ತಮ ಬಾಲನಟ ಪ್ರಶಸ್ತಿ ದೊರೆಯಿತು. ಶೋಷಿತ ಸಮುದಾಯದ ಹುಡುಗನೊಬ್ಬನಿಗೆ ಓದುವ ಆಸೆ ಹುಟ್ಟಿದರೆ ಊರು ಅದನ್ನು ಹೇಗೆ ನೋಡುತ್ತದೆ ಎಂಬುದು ಅದರ ವಸ್ತು.

ಹರಪನಹಳ್ಳಿಯ ಬೀಚಿಯವರೂ ಹಳೆಯ ಬಳ್ಳಾರಿ ಜಿಲ್ಲೆಯವರೇ. 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಬಡತನದಲ್ಲಿ ಬೆಳೆದವರು. ಕನ್ನಡ ಪುಸ್ತಕವೆಂದರೆ ಮೂಗು ಮುರಿಯುತ್ತಿದ್ದ ಅವರು ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಓದಿ ಕನ್ನಡಕ್ಕೆ ಒಲಿದರೆಂಬುದು ಪ್ರಸಿದ್ಧವಾದ ಸಂಗತಿ. ಒಂದು ಕಾದಂಬರಿ ಒಬ್ಬ ಮನುಷ್ಯನನ್ನು ಅವನ ಭಾಷೆಗೆ ಮರಳಿಸಿತು. ತಮ್ಮ ಬಾಳಿನ ಕಥೆಗೆ ಅವರು ಇಟ್ಟ ಹೆಸರು ‘ನನ್ನ ಭಯಾಗ್ರಫಿ’. ಕಷ್ಟವನ್ನು ಹೇಳುವಾಗಲೂ ನಗಬಹುದು ಎಂಬುದನ್ನು ಅವರು ತೋರಿಸಿದರು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರಿಗೂ ಈ ಮಾತು ಗೊತ್ತು: ಹಸಿವು, ಅವಮಾನ, ಹಾಸ್ಟೆಲಿನ ದಿನಗಳು ಎಲ್ಲವೂ ಅಲ್ಲಿವೆ, ನಗುವೂ ಇದೆ. ಹದಿಹರೆಯದ ಮಕ್ಕಳಿಗೆ ಈ ನಗು ಬಹಳ ಮುಖ್ಯ. ಕನಿಕರ ತೋರಿಸುವ ಪುಸ್ತಕವನ್ನು ಅವರು ಬೇಗ ಮುಚ್ಚಿಡುತ್ತಾರೆ.

ಇವು ದೊಡ್ಡವರಿಗಾಗಿ ಬರೆದ ಕೃತಿಗಳು. ಮಕ್ಕಳಿಗಾಗಿಯೇ ಬರೆದವೂ ಇತ್ತೀಚೆಗೆ ಬರುತ್ತಿವೆ. ಸಾಹಿತ್ಯ ಅಕಾದೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರ ನೀಡುತ್ತಿದೆ. 2011ರಲ್ಲಿ ಅದು ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ ಸಂದಿತು. ಶರಾವತಿಯ ಅಣೆಕಟ್ಟಿನಿಂದ ಊರು ಕಳೆದುಕೊಂಡವರ ನೋವನ್ನು ಬಾಳಿನುದ್ದಕ್ಕೂ ಬರೆದ ಆ ಹಿರಿಯರು ಅದೇ ಮುಳುಗಡೆಯ ವಸ್ತುವನ್ನು ಮಕ್ಕಳ ಮುಂದೆಯೂ ಇಟ್ಟರು. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಕಾದಂಬರಿ ಈ ಪುರಸ್ಕಾರ ಪಡೆಯಿತು. ಮಕ್ಕಳಿಗೆ ಗಂಭೀರ ವಿಷಯ ಬೇಡ ಎಂಬ ಹಳೆಯ ಅಂಜಿಕೆ ಕನ್ನಡದಲ್ಲಿ ಕರಗುತ್ತಿದೆ ಎಂಬುದಕ್ಕೆ ಇವು ಸಾಕ್ಷಿ. ಆದರೂ ಹದಿಮೂರರಿಂದ ಹದಿನಾರರವರೆಗಿನವರ ಸಾಲು ಇನ್ನೂ ತೆಳುವಾಗಿಯೇ ಇದೆ. ಗಡಿನಾಡಿನ ನಮ್ಮ ಶಾಲೆಗಳನ್ನು ತಲುಪುವ ಹೊತ್ತಿಗೆ ಇನ್ನಷ್ಟು ತೆಳುವಾಗುತ್ತದೆ.

ಒಳ್ಳೆಯ ಪುಸ್ತಕವನ್ನು ಆರಿಸುವುದು ಹೇಗೆ ಎಂದು ಯುವ ಶಿಕ್ಷಕರು ನಮ್ಮನ್ನು ಕೇಳುವುದುಂಟು. ನಮಗೆ ಇದರ ಉತ್ತರವನ್ನು ಕಲಿಸಿದವಳು ಒಬ್ಬ ವಿದ್ಯಾರ್ಥಿನಿ. ಒಂಬತ್ತನೆಯ ತರಗತಿಯಲ್ಲಿ ಬಡ ಹುಡುಗನೊಬ್ಬ ಹಗಲಿರುಳು ಓದಿ ರಾಜ್ಯಕ್ಕೇ ಮೊದಲಿಗನಾದ ಕಥೆಯೊಂದನ್ನು ಓದಿಸುತ್ತಿದ್ದಾಗ, ತಂದೆತಾಯಿ ಸುಗ್ಗಿಗೆ ಹೋಗಿದ್ದ ಆ ಹುಡುಗಿ ಎದ್ದು ನಿಂತು ಕೇಳಿದಳು: “ಟೀಚರ್, ಅವ ಹಗಲೂ ರಾತ್ರಿ ಓದ್ಕೋತ ಕುಂತ್ರ ಮನ್ಯಾಗ ರೊಟ್ಟಿ ಮಾಡೋರು ಯಾರು?” ತರಗತಿ ನಕ್ಕಿತು. ಆಕೆ ನಗಲಿಲ್ಲ. ಅದು ಕೊಂಕಿನ ಪ್ರಶ್ನೆಯಾಗಿರಲಿಲ್ಲ; ಆಕೆಗೆ ಉತ್ತರ ಬೇಕಾಗಿತ್ತು. ಆ ಕಥೆಯಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಾವು ಪುಸ್ತಕವನ್ನು ಕೈಗೆತ್ತಿಕೊಂಡಾಗ ಮೊದಲು ನೋಡುವುದು ಇದನ್ನೇ: ಈ ಕಥೆಯಲ್ಲಿ ರೊಟ್ಟಿ ಮಾಡುವವರು ಯಾರು? ಅಂದರೆ ದಿನಗಳು ಹೇಗೆ ಸಾಗುತ್ತವೆ ಎಂಬುದನ್ನು ಕಥೆ ಹೇಳುತ್ತದೆಯೇ? ಕಷ್ಟ ಬಂತು, ಕಷ್ಟ ಹೋಯಿತು ಎಂಬ ಎರಡು ತುದಿಗಳ ನಡುವೆ ಮುನ್ನೂರು ಬೆಳಗುಗಳಿರುತ್ತವೆ. ಮಗು ಇರುವುದು ಆ ಬೆಳಗುಗಳಲ್ಲಿ.

ಎರಡನೆಯದಾಗಿ, ಕೊನೆಯ ಅಧ್ಯಾಯದಲ್ಲಿ ಎಲ್ಲ ಸಾಲವೂ ತೀರಿಹೋಗುವ ಕಥೆಯನ್ನು ನಾವು ಅನುಮಾನದಿಂದ ನೋಡುತ್ತೇವೆ. ಕುಡಿಯುವ ತಂದೆ ಒಂದೇ ಬುದ್ಧಿಮಾತಿಗೆ ಬದಲಾದ ಎಂದು ಓದಿದ ಮಗು ತನ್ನ ತಂದೆಗೂ ಬುದ್ಧಿಮಾತು ಹೇಳಿ ನೋಡುತ್ತದೆ. ಅವನು ಬದಲಾಗದಿದ್ದರೆ ತಪ್ಪು ತನ್ನದೇ, ತನ್ನ ಮಾತಿಗೆ ಬಲವಿಲ್ಲ ಎಂದುಕೊಳ್ಳುತ್ತದೆ. ದೊಡ್ಡವರ ತಪ್ಪಿಗೆ ಮಗು ಹೊಣೆಯಲ್ಲ ಎಂದು ಹೇಳುವ ಪುಸ್ತಕ ಬೇಕು. ಅಂಥ ಪುಸ್ತಕ ಆ ತಂದೆಯನ್ನು ರಾಕ್ಷಸನನ್ನಾಗಿಯೂ ಮಾಡಬಾರದು. ಮಗು ಸಂಜೆ ಹಿಂದಿರುಗಬೇಕಾದದ್ದು ಅವನಿರುವ ಮನೆಗೇ.

ಮೂರನೆಯದಾಗಿ, ಕಥೆಯಲ್ಲಿ ನೆರವಿಗೆ ಬರುವ ದೊಡ್ಡವರು ಎಂಥವರು ಎಂದು ನೋಡುತ್ತೇವೆ. ಹಣದ ಗಂಟನ್ನು ಕೊಟ್ಟು ಮಾಯವಾಗುವ ಧಣಿಗಳು ಹಳೆಯ ಸಿನಿಮಾಗಳಲ್ಲಿ ಸಾಕಷ್ಟಿದ್ದಾರೆ. ಹರಿಗೆ ಗಡಿಯಾರ ರಿಪೇರಿ ಕಲಿಸಿದ ಮುದುಕರು ಹಾಗಲ್ಲ. ಅವರು ತಮಗೆ ಗೊತ್ತಿದ್ದ ಒಂದು ಕೆಲಸವನ್ನು ಹೇಳಿಕೊಟ್ಟರು, ದಿನವೂ ಒಂದಿಷ್ಟು ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡರು. ಪಕ್ಕದ ಮನೆಯ ಅವ್ವ, ಬಸ್ಸಿನ ಕಂಡಕ್ಟರು, ಬಿಸಿಯೂಟ ಮಾಡುವ ಅಕ್ಕ ಇಷ್ಟನ್ನು ಮಾಡಬಲ್ಲರು. ಅಂಥವರನ್ನು ಕಥೆಯಲ್ಲಿ ಕಂಡ ಮಗು ಹೊರಗೂ ಅಂಥವರನ್ನು ಗುರುತಿಸಿ ಕೈಚಾಚಲು ಕಲಿಯುತ್ತದೆ.

ಪೋಷಕರಲ್ಲಿ ಕೆಲವರು ನಮ್ಮನ್ನು ಕೇಳುವ ಪ್ರಶ್ನೆಯನ್ನು ಇಲ್ಲಿ ಮರೆಮಾಚಲಾರೆವು. ‘ಮನೆಯಲ್ಲಿ ಅಳುವುದೇ ಇದ್ದದ್ದು, ಪುಸ್ತಕದಲ್ಲೂ ಅಳು ಏಕೆ? ಮಗು ನಾಲ್ಕು ಪಾಠ ಓದಿ ಪಾಸಾದರೆ ಸಾಲದೆ?’ ಈ ಪ್ರಶ್ನೆ ಪ್ರೀತಿಯಿಂದ ಹುಟ್ಟಿದ್ದು. ಇದಕ್ಕೆ ನಾವು ಕಂಡ ಉತ್ತರ ಇಷ್ಟೇ. ಕಷ್ಟ ಮಗುವನ್ನು ಕುಗ್ಗಿಸುತ್ತದೆ. ಇದು ನನಗೊಬ್ಬಳಿಗೇ ಬಂದದ್ದು ಎಂಬ ಭಾವ ಅದಕ್ಕಿಂತ ಹೆಚ್ಚು ಕುಗ್ಗಿಸುತ್ತದೆ. ತಂದೆಯ ಕುಡಿತದ ಬಗ್ಗೆ ಹದಿನಾಲ್ಕರ ಹುಡುಗ ಗೆಳೆಯನ ಬಳಿ ಬಾಯಿ ಬಿಡುವುದಿಲ್ಲ. ಆದರೆ ‘ಹರಿಯ ಅಪ್ಪ ಹೀಗೇಕೆ ಮಾಡಿದ?’ ಎಂದು ಕೇಳಿದರೆ ಇಡೀ ತರಗತಿ ಮಾತನಾಡುತ್ತದೆ. ತನ್ನ ಮಾತನ್ನು ಹರಿಯ ಹೆಸರಿನಲ್ಲಿ ಆಡಲು ಅವನಿಗೆ ನಾಚಿಕೆಯಿಲ್ಲ. ಕಥೆ ಮಗುವಿಗೆ ಒದಗಿಸುವ ಮರೆ ಇದು. ಇನ್ನು ಪಾಠದ ಮಾತು: ಬಾಯಿ ಬಿಟ್ಟು ಮಾತನಾಡಿದ ಮಗು ಮರುದಿನ ಶಾಲೆಗೆ ಬರುತ್ತದೆ. ಶಾಲೆಗೆ ಬಂದ ಮಗು ತಾನೇ ಪರೀಕ್ಷೆ ಬರೆಯುವುದು!

ಪುಸ್ತಕಕ್ಕೆ ಇಲ್ಲದ ಶಕ್ತಿಯನ್ನು ಅದಕ್ಕೆ ಆರೋಪಿಸುವುದು ನಮ್ಮ ಉದ್ದೇಶವಲ್ಲ. ಹಸಿದ ಮಗುವಿಗೆ ಮೊದಲು ಊಟ ಬೇಕು. ಪೋಷಕರು ಸುಗ್ಗಿಗೆ ಹೋದಾಗ ಉಳಿದ ಮಕ್ಕಳಿಗೆ ಋತುಮಾನದ ಹಾಸ್ಟೆಲು ಬೇಕು, ಹೆಣ್ಣುಮಕ್ಕಳಿಗೆ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯದಂಥ ವಸತಿ ಶಾಲೆಯಲ್ಲಿ ಜಾಗ ಬೇಕು, ಹೊಲಕ್ಕೆ ತುಂಗಭದ್ರೆಯ ನೀರು ಬೇಕು. ಮನೆಯಲ್ಲಿ ಹೊಡೆತ, ಬಾಲ್ಯವಿವಾಹದ ಒತ್ತಾಯವಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಮಗುವಿಗೆ ಬಾಯಿಪಾಠವಾಗಿರಬೇಕು. ಈ ಕೆಲಸಗಳನ್ನು ಕಥೆಗಳು ಮಾಡಲಾರವು. ಆದರೆ ನೆರವು ಕೇಳುವುದು ಅವಮಾನವಲ್ಲ ಎಂಬ ಧೈರ್ಯವನ್ನು ಅವು ಕೊಡಬಲ್ಲವು. ಆ ಧೈರ್ಯವಿಲ್ಲದಿದ್ದರೆ ಸಂಖ್ಯೆ ಗೊತ್ತಿದ್ದರೂ ಮಗು ಕರೆ ಮಾಡುವುದಿಲ್ಲ.

ಇಂಥ ಕಥೆಗಳು ಕನ್ನಡದಲ್ಲಿಯೇ ಏಕೆ ಬೇಕು? ಅಭಿಮಾನದ ಮಾತನ್ನು ಬದಿಗಿಡೋಣ. ನಮ್ಮ ಮಗು ಅಂಗಡಿಯಲ್ಲಿ ತೆಲುಗಿನಲ್ಲಿ ಲೆಕ್ಕ ಮಾಡುತ್ತದೆ, ಮುಂದೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತದೆ. ಅವ್ವ ಊರಿನಲ್ಲಿಲ್ಲದ ರಾತ್ರಿ ಅದು ಅಳುವುದು ಮಾತ್ರ ಕನ್ನಡದಲ್ಲಿ. ಆ ಅಳುವಿಗೆ ಮಾತು ಕೊಡುವ ಪುಸ್ತಕ ಅದೇ ಭಾಷೆಯಲ್ಲಿರಬೇಕು. ಇದರ ಜೊತೆಗೆ ತೆಲುಗಿನ ಒಳ್ಳೆಯ ಮಕ್ಕಳ ಕಥೆಗಳನ್ನೂ ಅದೇ ಸಾಲಿನಲ್ಲಿ ಇಡುವುದು ನಮ್ಮಂಥ ಗಡಿಶಾಲೆಯ ಭಾಗ್ಯವೆಂದೇ ತಿಳಿಯುತ್ತೇವೆ. ಎರಡು ಭಾಷೆ ಬಲ್ಲ ಮಗುವಿಗೆ ಎರಡರಷ್ಟು ಕಥೆಗಳು ಸಿಗಬೇಕು.

ಈಗ ಮಾಡಬೇಕಾದ ಕೆಲಸದ ಮಾತು. ಮೊದಲ ಕೋರಿಕೆ ಸಹೋದ್ಯೋಗಿಗಳಿಗೆ. ವಾರಕ್ಕೆ ಒಂದು ಪಿರಿಯಡ್ಡು ಕಥೆಯನ್ನು ಗಟ್ಟಿಯಾಗಿ ಓದಿ ಹೇಳೋಣ. ಅದರ ಮೇಲೆ ಪ್ರಶ್ನೆಪತ್ರಿಕೆ ಬೇಡ, ಸಾರಾಂಶ ಬರೆಸುವುದೂ ಬೇಡ. ಸುಗ್ಗಿಗೆ ಹೊರಟ ಮಗುವಿನ ಚೀಲದಲ್ಲಿ ಪಠ್ಯಪುಸ್ತಕದ ಜೊತೆಗೆ ಒಂದು ಕಥೆಯ ಪುಸ್ತಕವನ್ನೂ ಇಟ್ಟು ಕಳುಹಿಸೋಣ. ಕಳೆದುಹೋಗುತ್ತದೆ ಎಂಬ ಭಯ ಸಹಜ. ನಾವು ಹಾಗೆ ಕಳುಹಿಸಿದ ಪುಸ್ತಕಗಳಲ್ಲಿ ಕೆಲವು ಕಳೆದಿವೆ, ಕೆಲವು ಹಿಂದಿರುಗಿವೆ. ಹಿಂದಿರುಗಿದ ಒಂದರ ಹಾಳೆಗಳಲ್ಲಿ ಮೆಣಸಿನಕಾಯಿಯ ಘಾಟು ಇನ್ನೂ ಇತ್ತು. ಅದನ್ನು ಓದಿದ ಹುಡುಗ ಮುಂದಿನ ಪುಸ್ತಕ ಕೇಳಲು ಯುಗಾದಿಯ ಮರುದಿನವೇ ಬಂದಿದ್ದ.

ಎರಡನೆಯ ಕೋರಿಕೆ ಪೋಷಕರಿಗೆ. ನಿಮ್ಮಲ್ಲಿ ಅನೇಕರು ಓದು ಬಾರದವರು ಎಂದು ಹಿಂಜರಿಯುತ್ತೀರಿ. ಮಗು ಓದುವಾಗ ನೀವು ಕೇಳಿದರೆ ಸಾಕು. ನಿಮ್ಮ ತಾಯಿ ಬರಗಾಲದ ವರ್ಷವನ್ನು ಹೇಗೆ ದಾಟಿದರು, ನೀವು ಮೊದಲ ಬಾರಿ ಗುಂಟೂರಿನ ಹೊಲಕ್ಕೆ ಹೋದಾಗ ಏನನ್ನಿಸಿತು ಎಂದು ಮಗುವಿಗೆ ಹೇಳಿ. ಮನೆಯ ಕಷ್ಟವನ್ನು ಮಗುವಿನಿಂದ ಪೂರ್ತಿ ಮುಚ್ಚಿಟ್ಟರೆ ಅದು ಊಹಿಸಿಕೊಂಡು ಇನ್ನೂ ಹೆಚ್ಚು ಹೆದರುತ್ತದೆ.

ಮೂರನೆಯ ಮತ್ತು ಮುಖ್ಯವಾದ ಕೋರಿಕೆ ಹಿರಿಯ ವಿದ್ಯಾರ್ಥಿಗಳಿಗೆ. ಈ ಮೂರು ದಿನಗಳಲ್ಲಿ ತಮ್ಮಲ್ಲಿ ಹಲವರು ಇದೇ ಮೈಕಿನ ಮುಂದೆ ನಿಂತು ‘ಬಡತನದಲ್ಲಿ ಓದಿ ಮೇಲೆ ಬಂದೆ’ ಎಂದಿದ್ದೀರಿ. ಸಭೆ ಚಪ್ಪಾಳೆ ತಟ್ಟಿದೆ. ನೆಲದ ಮೇಲೆ ಕುಳಿತ ನಮ್ಮ ಮಕ್ಕಳೂ ತಟ್ಟಿದ್ದಾರೆ. ಆದರೆ ತಾವು ಒಂದೇ ವಾಕ್ಯದಲ್ಲಿ ದಾಟಿಹೋದ ಆ ಬಡತನದೊಳಗೆ ಅವರು ಈಗ ಇದ್ದಾರೆ. ಆ ವಾಕ್ಯದ ಒಳಗಡೆ ಏನಿತ್ತು ಎಂದು ಅವರಿಗೆ ತಿಳಿಯಬೇಕಾಗಿದೆ. ಯಾವ ದಿನ ಶಾಲೆ ಬಿಡಬೇಕೆಂದುಕೊಂಡಿರಿ? ಆ ದಿನ ಯಾರು ಏನೆಂದರು? ಫೀಸು ಕಟ್ಟಿದವರು ಯಾರು? ತಾವು ಓದುತ್ತಿದ್ದಾಗ ಮನೆಯಲ್ಲಿ ರೊಟ್ಟಿ ಮಾಡಿದ ಅಕ್ಕ ಎಷ್ಟನೆಯ ತರಗತಿಗೆ ಓದು ನಿಲ್ಲಿಸಿದರು? ಗೆದ್ದ ಮೇಲಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಡುವಿನ ವರ್ಷಗಳ ಕಥೆಯನ್ನು ಬರೆದುಕೊಡಿ.

ಎರಡೇ ಪುಟವಾದರೂ ಸಾಕು. ಕಾಗುಣಿತವನ್ನು ನಾವು ತಿದ್ದುತ್ತೇವೆ. ಅದು ನಮ್ಮ ಹಳೆಯ ಕಸುಬು. ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಇಡುತ್ತೇವೆ. ಆ ಬರಹಗಳನ್ನು ಒಟ್ಟುಗೂಡಿಸಿ, ರಟ್ಟು ಕಟ್ಟಿಸಿ, ಗ್ರಂಥಾಲಯದ ಆ ತೆಳುವಾದ ಸಾಲಿನಲ್ಲಿ ಮೊದಲ ಪುಸ್ತಕವಾಗಿ ನಿಲ್ಲಿಸುವ ಆಸೆ ನಮ್ಮದು. ದಾನಿಗಳು ಕೊಟ್ಟ ಬೆಂಚು, ಫ್ಯಾನು, ಕಂಪ್ಯೂಟರುಗಳಿಗೆ ಶಾಲೆ ಋಣಿಯಾಗಿದೆ. ಅವು ಹಳೆಯದಾದಾಗ ಬದಲಿಸುತ್ತೇವೆ. ಈ ಪುಸ್ತಕವನ್ನು ಬದಲಿಸಬೇಕಾದ ಪ್ರಸಂಗ ಬರಲಾರದು.

ಶಾಲೆಯ ಎರಡನೆಯ ನೂರು ವರ್ಷ ಈ ಜೂನ್‌ನಲ್ಲಿ ಹೊಸ ಮಕ್ಕಳೊಂದಿಗೆ ಆರಂಭವಾಗುತ್ತದೆ. ಅಷ್ಟರೊಳಗೆ ತಮ್ಮ ಬರಹಗಳು ಶಾಲೆಯ ವಿಳಾಸಕ್ಕೆ ಬರಲಿ ಎಂದು ವಿನಂತಿಸುತ್ತೇವೆ.